ಬೇಕೆಂದೇ ಉತ್ತರ ಬರೆಯದ ಪ್ರಶ್ನೆಗೆ ಏನನ್ನೋಣ?

ನಮಸ್ಕಾರ. ಒಂದು ಪದ ಸಿಗದೆ ಎರಡು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ.

ಸಾಗರದ ಹತ್ತಿರ ನಮ್ಮ ಮನೆ ಜಗುಲಿಯಲ್ಲಿ ಮಳೆಗಾಲದ ಭಾನುವಾರ ಐದು ಜನ ಸೇರಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತೇವೆ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಾಡುವ ಆಟ. ಇಪ್ಪತ್ತು ಮುಖದ ದಾಳ ಅಂಗಳಕ್ಕೆ ಹಾರದಿರಲಿ ಎಂದು ಗೆರಸಿಯಲ್ಲಿ ಉರುಳಿಸುತ್ತೇವೆ. ಆಟ ನಡೆಸುವವರಿಗೆ ‘ಭಾಗವತರು’ ಎಂದು ಹೆಸರಿಟ್ಟೆವು. ಅದು ಎಷ್ಟು ಚೆನ್ನಾಗಿ ಕೂತಿತೆಂದರೆ ಈಗ ಇಂಗ್ಲಿಷ್ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ತೊಡಕು ಬಂದದ್ದು ಬೇರೆ ಕಡೆ.

ನಮ್ಮ ಆಟದ ಕಥೆ ನಡೆಯುವ ಕಲ್ಪನೆಯ ಲೋಕ ಎಬೆರಾನ್. ಕೀತ್ ಬೇಕರ್ ಕಟ್ಟಿದ್ದು, ಪುಸ್ತಕ ಬಂದದ್ದು 2004ರಲ್ಲಿ. ಅಲ್ಲಿ ನೂರು ವರ್ಷದ ಯುದ್ಧ ಮುಗಿಯುವ ಹೊತ್ತಿಗೆ, ಆ ಲೋಕದ ಲೆಕ್ಕದಲ್ಲಿ 994ನೇ ವರ್ಷ, ಸೈರ್ ಎಂಬ ನಾಡು ಒಂದೇ ದಿನದಲ್ಲಿ ಹಾಳಾಯಿತು. ಈಗ ಅದರ ಗಡಿಯುದ್ದಕ್ಕೂ ಬೂದು ಮಂಜು. ಮಾಡಿದ್ದು ಯಾರು, ಯಾಕೆ? ಪುಸ್ತಕದಲ್ಲಿ ಇಲ್ಲ. ಬೇಕೆಂದೇ ಬರೆದಿಲ್ಲ. ಆಯಾ ಮನೆಯ ಭಾಗವತರು ತಮಗೆ ತೋಚಿದ ಉತ್ತರ ಇಟ್ಟುಕೊಳ್ಳಲಿ ಎಂಬುದೇ ಬೇಕರ್ ಅವರ ಲೆಕ್ಕ.

“ಹಾಗಾದ್ರೆ ಇದು ಒಗಟಾ?” ಅಂತ ಅತ್ತೆ ಮಗಳು ಕೇಳಿದಳು.

ಅಲ್ಲ. ಒಗಟು ಹಾಕಿದವನ ಹತ್ತಿರ ಉತ್ತರ ಇರಲೇಬೇಕು. ಮದುವೆಮನೆಯ ಒಡಪಿನಲ್ಲೂ ಸುತ್ತಿ ಬಳಸಿ ಕೊನೆಗೆ ಗಂಡನ ಹೆಸರು ಬಂದೇ ಬರುತ್ತದೆ. ಗುಟ್ಟು ಅಂದರೆ ಯಾರಿಗೋ ಗೊತ್ತಿದೆ ಎಂದಾಯಿತು. ಇಲ್ಲಿ ಪುಸ್ತಕಕ್ಕೇ ಗೊತ್ತಿಲ್ಲ. ‘ಬಗೆಹರಿಯದ’ ಅಂದರೆ ಪ್ರಯತ್ನಪಟ್ಟು ಸೋತ ಹಾಗೆ, ಪೊಲೀಸ್ ಠಾಣೆಯ ಹಳೇ ಫೈಲಿನ ವಾಸನೆ. ‘ನಿಗೂಢ’ವನ್ನು ಟಿವಿಯವರು ಸವೆಸಿಬಿಟ್ಟಿದ್ದಾರೆ. ‘ಬೆಡಗು’ ಎಂಬ ಆಸೆಯೂ ಬಂತು, ಅಲ್ಲಮ ನಮ್ಮ ಜಿಲ್ಲೆಯ ಬಳ್ಳಿಗಾವಿಯವನೇ ಅಲ್ವಾ! ಆದರೆ ಬೆಡಗಿನ ವಚನಕ್ಕೆ ಒಳಗೊಂದು ಅರ್ಥ ಇದ್ದೇ ಇದೆ. ಬಿಡಿಸಿ ಟೀಕೆ ಬರೆದವರೂ ಇದ್ದಾರೆ.

ಕವಳ ಹಾಕಿಕೊಂಡು ಸುಮ್ನೆ ಕೂತಿದ್ದ ಅಪ್ಪ ಒಂದು ಮಾತು ಹೇಳಿದರು: “ಬೀಳು ಬಿಟ್ಟಿದ್ದಾರೆ ಅನ್ನಿ.”

ಗದ್ದೆ ಬೀಳು ಬಿಡುತ್ತೇವಲ್ಲ, ಹಾಗೆ. ಒಡೆಯ ಬಿತ್ತಿಲ್ಲ, ಆದರೆ ನೆಲ ಇದೆ. ಉಳುವವನು ಬಂದರೆ ಅವನವನ ಬೆಳೆ. ಸೈರ್‌ಗೆ ಇದು ಸರಿಯಾಗಿ ಹೊಂದುತ್ತದೆ. ಒಂದೇ ತಾಪತ್ರಯ: ‘ಬೀಳು ಪ್ರಶ್ನೆ’ ಅಂದರೆ ಎಡವಿ ಬಿದ್ದ ಪ್ರಶ್ನೆಯ ಹಾಗೆ ಕೇಳುತ್ತದೆ.

ಅಷ್ಟರಲ್ಲಿ ಇನ್ನೊಂದು ತಗಾದೆ. ಇದೇ ಆಟದ ಇನ್ನೊಂದು ಲೋಕ, 1994ರ ಪ್ಲೇನ್‌ಸ್ಕೇಪ್‌ನಲ್ಲಿ ಸಿಗಿಲ್ ಎಂಬ ಪಟ್ಟಣವಿದೆ. ಅದರ ಒಡತಿ ಲೇಡಿ ಆಫ್ ಪೇನ್. ಮುಖದ ಸುತ್ತ ಅಲಗುಗಳು. ಮಾತಾಡುವುದಿಲ್ಲ. ಅವಳನ್ನೇ ಪೂಜಿಸಲು ಹೊರಟವರು ಉಳಿಯುವುದಿಲ್ಲ. ಅವಳು ಯಾರೆಂದು ಪುಸ್ತಕ ಬಾಯಿ ಬಿಡುವುದಿಲ್ಲ. ಇದನ್ನು ಬೀಳು ಅನ್ನಲು ನನಗೆ ಮನಸ್ಸಿಲ್ಲ. ಉತ್ತು ಬಿತ್ತಿದರೆ ಕೆಟ್ಟೇ ಹೋಗುತ್ತದೆ. ಇದು ಚೌಡಿ ಬನದ ಜಾತಿ. ಚಿಕ್ಕವನಿದ್ದಾಗ ಅಜ್ಜಿಯನ್ನು ಕೇಳಿದ್ದೆ, ಬನದೊಳಗೆ ಏನಿದೆ ಅಂತ. “ಅಲ್ಲಿ ಸೊಪ್ಪು ಕೊಯ್ಯಬಾರದು” ಅಂದರು. ಅಷ್ಟೇ. ನಾನು ಕೇಳಿದ್ದು ಅದಲ್ಲವೆಂದು ಅವರಿಗೂ ಗೊತ್ತಿತ್ತು.

ಹಾಗಾಗಿ ನನಗೆ ಎರಡು ಪದ ಬೇಕು ಅನ್ನಿಸುತ್ತಿದೆ. ಯಾರು ಬೇಕಾದರೂ ತುಂಬಲಿ ಎಂದು ಬಿಟ್ಟದ್ದಕ್ಕೆ ಒಂದು, ಯಾರೂ ತುಂಬಬಾರದೆಂದು ಬಿಟ್ಟದ್ದಕ್ಕೆ ಒಂದು. ನಿಮ್ಮ ಕಡೆ ಈ ‘ಬೀಳು’ ಇನ್ನೂ ಬಳಕೆಯಲ್ಲಿದೆಯೇ? ಕರಾವಳಿಯವರ ‘ಹಡಿಲು’ ತಂದುಕೊಂಡರೆ ಬೀಳುವ ಗೊಂದಲ ತಪ್ಪುತ್ತದೆ, ಆದರೆ ಘಟ್ಟದ ಮೇಲೆ ಎಷ್ಟು ಜನಕ್ಕೆ ತಿಳಿದೀತು? ‘ಬನ’ವನ್ನು ಹೀಗೆ ಮಾತಿಗೆ ಹಚ್ಚಿ ಬಳಸಿದ್ದನ್ನು ಕೇಳಿದವರಿದ್ದಾರೆಯೇ?

ಭಾನುವಾರದೊಳಗೆ ಬರೆದರೆ ಉಪಕಾರ. “ಸಸ್ಪೆನ್ಸ್ ಅಂದ್ರೆ ಸಾಕಪ್ಪ” ಅಂತ ಅತ್ತೆ ಮಗಳು ಆಗಲೇ ಶುರು ಮಾಡಿದ್ದಾಳೆ.