ಮೇಲಿನ ರೂಮಿಗೆ ವೈಫೈ ಏರುತ್ತಿಲ್ಲ, ಲ್ಯಾಪ್‌ಟಾಪ್‌ಗೆ ಯಾವ ರೂಟರ್ ತಗೊಳ್ಳಲಿ?

ನಿಟ್ಟುವಳ್ಳಿಯವ
ಎಲ್ಲರಿಗೂ ನಮಸ್ಕಾರ. ಮನೆ ದಾವಣಗೆರೆ ನಿಟ್ಟುವಳ್ಳಿಯಲ್ಲಿ. ಕೆಳಗೆ ಹಾಲ್, ಅಡುಗೆಮನೆ, ಮೇಲೆ ಒಂದೇ ರೂಮ್. ಫೈಬರ್ ಇದೆ, 100 ಎಂಬಿಪಿಎಸ್ ಪ್ಲಾನ್. ಫೈಬರ್ ಕಂಪನಿಯವರೇ ಕೊಟ್ಟ ವೈಫೈ ಬಾಕ್ಸ್ ಟಿವಿ ಹಿಂದೆ ಶೋಕೇಸ್ ಒಳಗೆ ಕೂತಿದೆ. ನಾನು ಮೇಲೆ ಕೂತು ಆಫೀಸ್ ಕೆಲಸ ಮಾಡುವವನು, ಮೀಟಿಂಗ್ ಶುರುವಾದರೆ ಮಾತು ತುಂಡು ತುಂಡು. ಕೊನೆಗೆ ಲ್ಯಾಪ್‌ಟಾಪ್ ಹಿಡ್ಕೊಂಡು ಮೆಟ್ಟಿಲ ಮೇಲೆ ಬಂದು ಕೂರುತ್ತೇನೆ, ಅಲ್ಲಿ ಅಮ್ಮ ಮಂಡಕ್ಕಿಗೆ ಒಗ್ಗರಣೆ ಹಾಕುವ ಸದ್ದು ಇಡೀ ಟೀಮಿಗೆ ಕೇಳುತ್ತದೆ. ಅಂಗಡಿಯಲ್ಲಿ ಆರು ಆಂಟೆನಾದ ರೂಟರ್ ತೋರಿಸಿ ಆರು ಸಾವಿರ ಅಂದರು, ಗೋಡೆ ತೂರಿಕೊಂಡು ಹೋಗುತ್ತಂತೆ. ತಗೊಳ್ಳಲಾ? ಲ್ಯಾಪ್‌ಟಾಪ್ ಮಾತ್ರ ಹಳೇದು, ಏಳು ವರ್ಷ ಆಯ್ತು.

ಕೇಬಲ್ ಅಣ್ಣ
ತಡೀರಿ, ದುಡ್ಡು ಕೊಡಬೇಡಿ. ಆಂಟೆನಾ ಎಣಿಸಿ ರೂಟರ್ ತಗೊಳ್ಳುವುದು ಕೊಂಬು ನೋಡಿ ಎಮ್ಮೆ ತಗೊಂಡ ಹಾಗೆ. ಮೊದಲು ಲ್ಯಾಪ್‌ಟಾಪ್ ನೋಡಿ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ವೈಫೈ ಪ್ರಾಪರ್ಟೀಸ್ ತೆಗೆದರೆ ಕೆಳಗಡೆ ಪ್ರೋಟೋಕಾಲ್ (ಯಾವ ತಲೆಮಾರಿನ ವೈಫೈ), ಬ್ಯಾಂಡ್ (ಯಾವ ರೇಡಿಯೊ ಅಲೆ), ಲಿಂಕ್ ಸ್ಪೀಡ್ (ಲ್ಯಾಪ್‌ಟಾಪಿಗೂ ಬಾಕ್ಸಿಗೂ ನಡುವಿನ ವೇಗ) ಅಂತ ಬರುತ್ತದೆ. ಬಾಕ್ಸ್ ಪಕ್ಕದಲ್ಲೇ ನಿಂತು ನೋಡಿ ಹೇಳಿ.

ನಿಟ್ಟುವಳ್ಳಿಯವ
ನೋಡಿದೆ ಅಣ್ಣ. ವೈಫೈ 4, ಅಂದರೆ 802.11 ಎನ್. ಬ್ಯಾಂಡ್ 2.4 ಗಿಗಾಹರ್ಟ್ಸ್. ಲಿಂಕ್ ಸ್ಪೀಡ್ 72. ಇನ್ನೊಂದು ವಿಷಯ, ಫೋನಿನಲ್ಲಿ ನಮ್ಮ ವೈಫೈ ಎರಡು ಹೆಸರಲ್ಲಿ ಕಾಣುತ್ತದೆ, ಒಂದಕ್ಕೆ 5ಜಿ ಅಂತ ಬಾಲ ಇದೆ. ಲ್ಯಾಪ್‌ಟಾಪಿಗೆ ಒಂದೇ ಕಾಣುತ್ತದೆ.

ಕೇಬಲ್ ಅಣ್ಣ
ಸಿಕ್ಕಿತಲ್ಲ! ಆ 5ಜಿ ಮೊಬೈಲಿನ 5ಜಿ ಅಲ್ಲ, 5 ಗಿಗಾಹರ್ಟ್ಸ್ ಬ್ಯಾಂಡು. ನಿಮ್ಮ ಲ್ಯಾಪ್‌ಟಾಪ್ ಒಳಗಿನ ವೈಫೈ ಕಾರ್ಡಿಗೆ ಅದು ಗೊತ್ತೇ ಇಲ್ಲ, ಹಾಗಾಗಿ ಕಾಣುವುದೂ ಇಲ್ಲ. ಕಾರ್ಡಿನಲ್ಲಿ ಒಂದೇ ಆಂಟೆನಾ ಇದ್ದಾಗ ಬರುವ ಲೆಕ್ಕ ಆ 72. ಅದೂ ಬರೀ ಲಿಂಕ್, ಕೈಗೆ ಸಿಗುವುದು ಹೆಚ್ಚುಕಮ್ಮಿ ಅರ್ಧ. ಆರು ಸಾವಿರದ್ದೇ ತಂದಿಡಿ, ಹತ್ತು ಸಾವಿರದ್ದೇ ತಂದಿಡಿ, ಈ ಲ್ಯಾಪ್‌ಟಾಪ್ 72 ದಾಟುವುದು ಕಷ್ಟ. ಎರಡೂ ಬ್ಯಾಂಡ್ ಹಿಡಿಯುವ ಒಂದು ಯುಎಸ್‌ಬಿ ಡಾಂಗಲ್ (ಲ್ಯಾಪ್‌ಟಾಪಿಗೆ ಸಿಕ್ಕಿಸುವ ಪುಟ್ಟ ವೈಫೈ ಕಾರ್ಡು) ಹಾಕಿದರೆ ಆ ಕಟ್ಟು ಬಿಚ್ಚುತ್ತದೆ.

ಆದರೆ ಮೀಟಿಂಗಿಗೆ ಮೂರ್ನಾಲ್ಕು ಎಂಬಿಪಿಎಸ್ ಸಾಕು ಅಲ್ವಾ? ಅದೂ ಮೇಲೆ ಸಿಗುತ್ತಿಲ್ಲ ಅಂದರೆ ಅಡ್ಡ ಇರುವುದು ಆರ್‌ಸಿಸಿ ತಾರಸಿ ಮತ್ತು ಆ ಶೋಕೇಸ್. ಬಾಕ್ಸನ್ನು ಮೊದಲು ಟಿವಿ ಹಿಂದಿನಿಂದ ಹೊರಗೆ ತನ್ನಿ, ಇದಕ್ಕೆ ಖರ್ಚಿಲ್ಲ.

ಕೋಟೆ ಕಡೆಯವನು
ನಾನು ಚಿತ್ರದುರ್ಗದವನು, ಅಜ್ಜನ ಕಾಲದ ಮನೆ, ಕಲ್ಲಿನ ಗೋಡೆ, ಮೊಳದ ಮೇಲೆ ದಪ್ಪ. 5 ಗಿಗಾಹರ್ಟ್ಸ್ ಒಂದು ಗೋಡೆಗೇ ಸುಸ್ತು, 2.4 ಸ್ವಲ್ಪ ದೂರ ಹೋಗುತ್ತದೆ ಆದರೆ ನಿಧಾನ. ಮೊದಲು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮುಂದಕ್ಕೆ ಕಳಿಸುವ ಡಬ್ಬ) ತಂದು ಕೆಟ್ಟೆ. ಸಿಗ್ನಲ್ ಸತ್ತಿರುವ ರೂಮಿನಲ್ಲೇ ಅದನ್ನು ಸಿಕ್ಕಿಸಿದ್ದೆ, ಅದಕ್ಕೇ ಸಿಗ್ನಲ್ ಇಲ್ಲ, ನನಗೆಲ್ಲಿಂದ ಕೊಡಬೇಕು? ಫೋನಲ್ಲಿ ಕಡ್ಡಿ ಮಾತ್ರ ಫುಲ್, ಪೇಜ್ ತೆರೆಯುವುದಿಲ್ಲ.

ಆಮೇಲೆ ಒಂದು ಭಾನುವಾರ ಕಿಟಕಿ ಮೂಲಕ ಕ್ಯಾಟ್ 6 ನೆಟ್‌ವರ್ಕ್ ವೈರ್ ಎಳೆದು, ಆ ತುದಿಗೆ ಸಾದಾ ಡ್ಯುಯಲ್ ಬ್ಯಾಂಡ್ ರೂಟರ್ ಹಾಕಿ ಆಕ್ಸೆಸ್ ಪಾಯಿಂಟ್ ಮೋಡ್‌ಗೆ ಇಟ್ಟೆ, ಅಂದರೆ ವೈರಿನಲ್ಲಿ ಬಂದ ನೆಟ್ಟನ್ನು ವೈಫೈ ಮಾಡಿ ಹಂಚುವುದಷ್ಟೇ ಅದರ ಕೆಲಸ. ವೈಫೈ ಹೆಸರು, ಪಾಸ್‌ವರ್ಡ್ ಎರಡೂ ಕಡೆ ಒಂದೇ. ಎರಡು ವರ್ಷ ಆಯ್ತು, ಅತ್ತ ತಿರುಗಿ ನೋಡಿಲ್ಲ. ನಿಮಗೂ ಇದೇ ಸರಿ. ತಗೊಳ್ಳುವಾಗ ಪೋರ್ಟ್ (ವೈರ್ ಸಿಕ್ಕಿಸುವ ಕಿಂಡಿ) ನೋಡಿ: ಟಿಪಿ-ಲಿಂಕ್ ಆರ್ಚರ್ ಸಿ20 ಥರದ್ದರಲ್ಲಿ 100 ಎಂಬಿಪಿಎಸ್ ಪೋರ್ಟ್, ಸಿ6ನಲ್ಲಿ ಗಿಗಾಬಿಟ್, ಅಂದರೆ 1000. ಇವತ್ತಿನ ಪ್ಲಾನಿಗೆ ಮೊದಲನೆಯದೇ ಸಾಕು, ನಾಳೆ ಪ್ಲಾನ್ ಏರಿಸುವ ಯೋಚನೆ ಇದ್ದರೆ ಎರಡನೆಯದು. ಡಬ್ಬದ ಮೇಲೆ ಎಸಿ1200 ಅಂತ ಇದ್ದರೆ 1200 ಬರುತ್ತದೆ ಅಂತ ತಿಳಿಯಬೇಡಿ, ಎರಡೂ ಬ್ಯಾಂಡಿನ ಲೆಕ್ಕ ಕೂಡಿಸಿ ಬರೆದಿರುತ್ತಾರೆ.

ಬೆಣ್ಣೆದೋಸೆ
ಒಂದು ಮಾತು. ಕರೆಂಟ್ ಹೋದಾಗ ಏನು ಮಾಡ್ತೀರಿ? ರೂಟರಿಗೆ ಅಂತಲೇ ಸಣ್ಣ ಯುಪಿಎಸ್ ಬರುತ್ತದೆ, ತಗೊಳ್ಳುವ ಮುಂಚೆ ಅಡಾಪ್ಟರ್ ಮೇಲೆ 12 ವೋಲ್ಟ್ ಇದೆಯಾ 9 ಇದೆಯಾ ನೋಡಿ. ಫೈಬರ್ ಬಾಕ್ಸಿಗೂ ಒಂದು ಬೇಕು, ಮೇಲಿನ ರೂಟರ್ ಒಂದಕ್ಕೇ ಹಾಕಿದರೆ ಸುಮ್ನೆ ಲೈಟ್ ಉರಿಯುತ್ತದೆ ಅಷ್ಟೇ.

ನಿಟ್ಟುವಳ್ಳಿಯವ
ಬಾಕ್ಸನ್ನು ಶೋಕೇಸಿನಿಂದ ತೆಗೆದು ಮೆಟ್ಟಿಲ ಹತ್ತಿರದ ಗೂಡಿಗೆ ಇಟ್ಟೆ, ಫೈಬರ್ ವೈರ್ ಅಲ್ಲಿಯವರೆಗೂ ಬಂತು, ಪುಣ್ಯ. ಮೇಲೆ ಸ್ಪೀಡ್ 4ರಿಂದ 17ಕ್ಕೆ ಬಂದಿದೆ. ಡಾಂಗಲ್ ಆರ್ಡರ್ ಮಾಡಿದ್ದೇನೆ. ವೈರ್ ಎಳೆಯೋಣ ಅಂದರೆ ಅಮ್ಮ ಹೊಸ ಪೇಂಟ್ ಹೊಡೆಸಿದ ಗೋಡೆಗೆ ಮೊಳೆ ಹೊಡೆದರೆ ನೋಡು ಅಂತಿದ್ದಾರೆ. ಗೋಡೆ ಮುಟ್ಟದೆ ಮೆಟ್ಟಿಲ ಅಂಚಿನಲ್ಲೇ ವೈರ್ ಅಂಟಿಸಿದವರು ಯಾರಾದರೂ ಇದ್ದೀರಾ?