ಪಿಯು ಮಕ್ಕಳಿಗೆ ಯಾವ ಅತಿಥಿ ಉಪನ್ಯಾಸ ತೋರಿಸಲಿ?

ಪಿಯು ಮೇಡಂ, ಹಾಸನ:
ನಮಸ್ಕಾರ. ದ್ವಿತೀಯ ಪಿಯು ಮಕ್ಕಳಿಗೆ ಭೌತಶಾಸ್ತ್ರ ಕಲಿಸುತ್ತೇನೆ. ಶನಿವಾರ ಕೊನೇ ಪಿರಿಯಡ್ ಖಾಲಿ ಸಿಗುತ್ತದೆ. ಯಾವುದಾದರೂ ವಿಶ್ವವಿದ್ಯಾಲಯಕ್ಕೆ ಅತಿಥಿಯಾಗಿ ಬಂದವರ ಒಳ್ಳೆಯ ಉಪನ್ಯಾಸ ತೋರಿಸೋಣ ಅಂತಿದ್ದೇನೆ. ಸುಮ್ನೆ ಹೆಸರು ಬೇಡ. ನಿಮ್ಮ ಮನಸ್ಸಿನಲ್ಲಿ ಉಳಿದದ್ದು ಯಾವುದು, ಯಾಕೆ ಅಂತ ಹೇಳಿ.

ಹಳೇ ಎಂಎಸ್ಸಿ:
ಭೌತವಿಜ್ಞಾನಿ ರಿಚರ್ಡ್ ಫೈನ್‌ಮನ್ ಅವರದ್ದು ತೋರಿಸಿ ಮೇಡಂ. 1964ರಲ್ಲಿ ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯ ಮೆಸೆಂಜರ್ ಉಪನ್ಯಾಸ ಮಾಲೆಗೆ ಅವರನ್ನು ಕರೆದಿತ್ತು. ಹಿಂದೆ ಅಲ್ಲೇ ಮೇಷ್ಟ್ರಾಗಿದ್ದವರು. ನೊಬೆಲ್ ಬಂದದ್ದು ಮರುವರ್ಷ. ಒಟ್ಟು 7 ಉಪನ್ಯಾಸ, ಬಿಬಿಸಿ ಚಿತ್ರೀಕರಿಸಿದೆ.

ಮೊದಲನೆಯದನ್ನು ನಾನು ಹಾಸ್ಟೆಲ್‌ನಲ್ಲಿ ನೋಡಿದೆ. ವಿಷಯ ಗುರುತ್ವಾಕರ್ಷಣೆ. ಸೂತ್ರ ಬಾಯಿಪಾಠವಿತ್ತು, ಆದರೆ ಗುರುಗ್ರಹದ ಚಂದ್ರರ ಕಥೆ ಗೊತ್ತಿರಲಿಲ್ಲ. ಲೆಕ್ಕ ಹಾಕಿದ ಹೊತ್ತಿಗೆ ಅವು ಬರುತ್ತಿರಲಿಲ್ಲವಂತೆ. ಗುರು ನಮಗೆ ಹತ್ತಿರವಿದ್ದಾಗ 8 ನಿಮಿಷ ಮುಂಚೆ, ದೂರವಿದ್ದಾಗ 8 ನಿಮಿಷ ತಡ. ನಿಯಮವೇ ತಪ್ಪು ಅಂದುಬಿಡಬಹುದಿತ್ತು ಅಲ್ವಾ? ಡೆನ್ಮಾರ್ಕ್‌ನ ಖಗೋಳಶಾಸ್ತ್ರಜ್ಞ ರೋಮರ್ ಹಾಗೆ ಅನ್ನಲಿಲ್ಲ. ಚಂದ್ರರು ಸರಿಯಾಗೇ ಸುತ್ತುತ್ತಿವೆ, ಅವುಗಳ ಬೆಳಕು ನಮ್ಮನ್ನು ಮುಟ್ಟಲು ಹೊತ್ತು ಹಿಡಿಯುತ್ತದೆ ಅಂದರು! ನಾನು ವಿಡಿಯೊ ಅಲ್ಲೇ ನಿಲ್ಲಿಸಿ, ಟೆರೇಸ್‌ಗೆ ಓಡಿ ಗುರುವನ್ನು ಹುಡುಕಿದೆ. ಐದು ವರ್ಷ ಭೌತಶಾಸ್ತ್ರ ಓದಿದ್ದರೂ, ಓದಿದ್ದನ್ನು ಆಕಾಶದಲ್ಲಿ ಹುಡುಕಿದ್ದು ಅವತ್ತೇ ಮೊದಲು.

ಅವರದ್ದು ನ್ಯೂಯಾರ್ಕ್ ಧಾಟಿಯ ಇಂಗ್ಲಿಷ್, ವೇಗ ಜಾಸ್ತಿ. ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳಿ.

ಆಕಾಶ ನೋಡುವವ, ಧಾರವಾಡ:
ಆ ಕಥೆ ನನಗೂ ಇಷ್ಟ. ಒಂದು ಮಾತು ಮಾತ್ರ ಸೇರಿಸಿ ಹೇಳಿ ಮೇಡಂ. ನಿಯಮದ ಮೇಲಿನ ನಂಬಿಕೆಯಿಂದ ರೋಮರ್‌ಗೆ ಇದು ಹೊಳೆಯಿತು ಅನ್ನುತ್ತಾರೆ ಫೈನ್‌ಮನ್. ಆದರೆ ರೋಮರ್ ಇದನ್ನು ಹೇಳಿದ್ದು 1676ರಲ್ಲಿ, ನ್ಯೂಟನ್ನರ ಗುರುತ್ವ ನಿಯಮ ಅಚ್ಚಾದದ್ದು 1687ರಲ್ಲಿ. ರೋಮರ್ ಹಿಡಿದು ಕೂತದ್ದು ಅಯೋ ಎಂಬ ಚಂದ್ರನ ಗ್ರಹಣಗಳ ವೇಳಾಪಟ್ಟಿಯನ್ನು. ಅದು ಸುಮಾರು 42.5 ಗಂಟೆಗೊಂದು ಸುತ್ತು ಹಾಕುತ್ತದೆ. ವರ್ಷಗಟ್ಟಲೆ ಕೂತು ಆ ಹೊತ್ತುಗಳನ್ನು ಬರೆದಿಟ್ಟವರ ಶ್ರಮವೂ ಮಕ್ಕಳಿಗೆ ಗೊತ್ತಾಗಲಿ.

ಪಿಯು ಮೇಡಂ, ಹಾಸನ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. 8 ನಿಮಿಷ ತಡ ಅನ್ನುವಲ್ಲಿ ನಿಲ್ಲಿಸಿ, ಯಾಕಿರಬಹುದು ಅಂತ ಮಕ್ಕಳನ್ನೇ ಕೇಳುತ್ತೇನೆ. ಕಾಲೇಜಿನಲ್ಲಿ ಟೆಲಿಸ್ಕೋಪ್ ಇಲ್ಲ, ಬೈನಾಕ್ಯುಲರ್ ಇದೆ. ಅದರಲ್ಲಿ ಆ ಚಂದ್ರರು ಕಾಣುತ್ತವಾ?

ಆಕಾಶ ನೋಡುವವ, ಧಾರವಾಡ:
ದೊಡ್ಡ ನಾಲ್ಕು ಕಾಣುತ್ತವೆ, ಗುರುವಿನ ಪಕ್ಕ ಸಾಲಾಗಿ ಸಣ್ಣ ಚುಕ್ಕೆಗಳ ಹಾಗೆ. ಕೈ ನಡುಗಿದರೆ ಏನೂ ಕಾಣಲ್ಲ. ಗೋಡೆಗೆ ಒತ್ತಿ ಹಿಡಿಯೋಕೆ ಹೇಳಿ.