ಸಿಗರೇಟು ಬಿಡೋ ಹೆಂಗಸರಿಗೆ ಯಾವ ಪ್ರಾಣಾಯಾಮ, ಎಷ್ಟು ಹೊತ್ತು?

ಪ್ರಶ್ನೆ (ಸರಸ್ವತಿಪುರಂ, ಮೈಸೂರು): ನಮ್ಮ ಯೋಗ ತರಗತಿಯ ಇಬ್ಬರು ಹೆಂಗಸರು ಸಿಗರೇಟು ಬಿಡಬೇಕು ಅಂತಿದ್ದಾರೆ. ಬೆಳಗ್ಗೆ ಫಿಲ್ಟರ್ ಕಾಫಿ ಕುಡಿದ ಕೂಡಲೇ ಸೇದಬೇಕು ಅನ್ನಿಸುತ್ತಂತೆ. ಏನು ಮಾಡಿಸಲಿ?

ಉತ್ತರ 1: ಮೇಡಂ, ಆ ತುಡಿತ ಸಾಮಾನ್ಯವಾಗಿ ಐದು ನಿಮಿಷದಲ್ಲಿ ಇಳಿಯುತ್ತೆ. ಅಷ್ಟು ಹೊತ್ತು ದಾಟಿಸಿ. ಬೆನ್ನು ನೆಟ್ಟಗೆ ಕೂರಿಸಿ, ಮೂಗಿನಲ್ಲಿ 4 ಎಣಿಸುತ್ತಾ ಉಸಿರೆಳೆದು, 6ರಿಂದ 8 ಎಣಿಸುತ್ತಾ ಬಿಡಲಿ, 10 ಸಲ. ಆಮೇಲೆ ಭ್ರಾಮರಿ (ದುಂಬಿಯಂತೆ ಗುಂಯ್‌ಗುಡುತ್ತಾ ಉಸಿರು ಬಿಡುವುದು) 5 ಸಲ: ತುಟಿ ಮುಚ್ಚಿರಲಿ, ಹಲ್ಲು ಕಚ್ಚಬಾರದು. ತಪ್ಪಾಗುವುದು ಕಪಾಲಭಾತಿಯಲ್ಲಿ, ಅಂದರೆ ಹೊಟ್ಟೆ ಒಳಗೆಳೆದು ರಭಸವಾಗಿ ಉಸಿರು ಹೊರಹಾಕುವುದರಲ್ಲಿ. ಮೊದಲ ವಾರವೇ ಜೋರಾಗಿ ಮಾಡಿಸಿದರೆ ತಲೆಸುತ್ತು, ಕೆಮ್ಮು ಬರುತ್ತೆ. ಸಿಗರೇಟು ಬಿಟ್ಟಿದ್ದಕ್ಕೇ ಹೀಗಾಯ್ತು ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಬಸುರಿಯರಿಗಂತೂ ಕಪಾಲಭಾತಿ ಬೇಡವೇ ಬೇಡ, ಉಸಿರು ಕಟ್ಟಿಸುವುದೂ ಬೇಡ.

ಉತ್ತರ 2: ಕಾಫಿ ಅರ್ಧ ಲೋಟಕ್ಕೆ ಇಳಿಸಲಿ. ಸೇದುವವರ ಮೈಯಲ್ಲಿ ಕೆಫೀನ್ ಬೇಗ ಕರಗುತ್ತೆ. ಬಿಟ್ಟ ಮೇಲೆ ಅದೇ ಲೋಟಕ್ಕೆ ಎದೆ ಡವಗುಟ್ಟುತ್ತೆ, ನಿದ್ದೆ ಕೆಡುತ್ತೆ.

ಉತ್ತರ 3: ಯೋಗ ಒಂದನ್ನೇ ನೆಚ್ಚಬೇಡಿ. ಅಮೆರಿಕದಲ್ಲಿ 55 ಹೆಂಗಸರ ಮೇಲೆ ನಡೆದ 8 ವಾರದ ಪ್ರಯೋಗದಲ್ಲಿ ವಾರಕ್ಕೆರಡು ಸಲ ವಿನ್ಯಾಸ ಯೋಗದ (ಉಸಿರಿಗೆ ತಕ್ಕಂತೆ ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ಯೋಗ) ಜೊತೆ ಆಪ್ತಸಮಾಲೋಚನೆಯೂ ಇತ್ತು. ಕೊನೆಗೆ, ಯೋಗವಿಲ್ಲದೆ ಆಪ್ತಸಮಾಲೋಚನೆ ಪಡೆದವರಿಗಿಂತ ಯೋಗದ ಗುಂಪಿನವರೇ ಹೆಚ್ಚು ಬಿಟ್ಟಿದ್ದರು. ಆರು ತಿಂಗಳಿಗೆ ಆ ಅಂತರ ಉಳಿಯಲಿಲ್ಲ. ಎರಡು ತಿಂಗಳಿಗೇ ತರಗತಿ ನಿಲ್ಲಿಸಬೇಡಿ. 1800-11-2356 ಉಚಿತ ಸಹಾಯವಾಣಿಗೂ ಫೋನ್ ಮಾಡಿಸಿ.